ಪಿಸುಮಾತಿನ ಮನೆಯಲ್ಲೊಂದು ಸಂಜೆ

ಬಸ್ ನಿಲ್ದಾಣದಲ್ಲಿ ಎಲ್ಲರೂ ಅವಳನ್ನು ಮೈಕ್ ಎಂದೇ ಕರೆಯುತ್ತಿದ್ದರು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ವಿಚಾರಣೆ ಕಿಟಕಿಯ ಮುಂದೆ ಅಳುತ್ತ ನಿಂತಿದೆ ಎಂಬುದನ್ನೆಲ್ಲ ಬೆಳಗಿನಿಂದ ಸಂಜೆಯವರೆಗೆ ಕೂಗಿ ಹೇಳುವವಳು ಅವಳು. ಗಾಜಿನ ಪುಟ್ಟ ಕೋಣೆ, ತಿರುಗುವ ಕುರ್ಚಿ, ಬಿಸಿನೀರಿನ ಫ್ಲಾಸ್ಕು, ಎದುರಿಗೊಂದು ಮೈಕು. ಅವಳ ಲೋಕ ಅಷ್ಟೇ. ಆದರೆ ದನಿ ಮಾತ್ರ ಛಾವಣಿಯ ಮೂಲೆಮೂಲೆಗೂ ಹೋಗಿ, ತೂಕಡಿಸುತ್ತ ಕೂತವರನ್ನು ಭುಜ ಹಿಡಿದು ಅಲುಗಿಸಿದ ಹಾಗೆ ಎಬ್ಬಿಸುತ್ತಿತ್ತು.

ಅದೇ ಹೆಂಗಸು ಮನೆಗೆ ಬಂದರೆ ಪಿಸುಗುಡುತ್ತಿದ್ದಳು.

ಗಂಡನಿಗೆ ದಿನಪತ್ರಿಕೆಯ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ. ಬೆಳಕು ಹರಿಯುವ ಮುನ್ನ ಅವನು ಬರುವಾಗ ಅವಳು ನಿದ್ದೆಯಲ್ಲಿ. ಅವಳು ಹೊರಡುವಾಗ ಅವನು ನಿದ್ದೆಯಲ್ಲಿ. ಸಂಜೆ ಅವಳು ಚಪ್ಪಲಿ ಬಿಡುತ್ತಿದ್ದಂತೆ ಅವನು ಬೂಟು ಹಾಕಿಕೊಳ್ಳುತ್ತಿದ್ದ. ವಾರದ ರಜೆಯೂ ಇಬ್ಬರಿಗೂ ಬೇರೆಬೇರೆ ದಿನ, ಅವನ ರಜೆಯಂದು ಅವಳಿಗೆ ತಡರಾತ್ರಿಯವರೆಗೂ ಪಾಳಿ. ಮದುವೆಯಾಗಿ ವರ್ಷವಾಗುತ್ತ ಬಂದಿದ್ದರೂ ಇಬ್ಬರೂ ಎಚ್ಚರವಾಗಿ, ಪುರುಸೊತ್ತಾಗಿ ಎದುರುಬದುರು ಕೂತು ಉಂಡ ಒಂದು ಸಂಜೆಯೂ ಇರಲಿಲ್ಲ.

ಹಾಗಾಗಿ ಆ ಮನೆ ತನ್ನದೇ ಒಂದು ರೀತಿಗೆ ಒಗ್ಗಿಕೊಂಡಿತ್ತು. ಬಾಗಿಲ ತಿರುಗಣೆಗೆ ಸದಾ ಎಣ್ಣೆ. ಕೀಲಿಗೊಂಚಲಿಗೆ ಬಟ್ಟೆಯ ಸುತ್ತು. ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ. ಮಲಗುವ ಕೋಣೆಯ ಬಾಗಿಲ ಹಿಡಿಯ ಮೇಲೆ ನೀಲಿ ಟವೆಲು ನೇತುಬಿದ್ದಿದ್ದರೆ ಒಳಗೆ ಯಾರೋ ಮಲಗಿದ್ದಾರೆ ಎಂದರ್ಥ. ಟವೆಲು ಕಂಡವರು ಫೋನು ಆರಿಸಬೇಕು, ತುದಿಗಾಲಲ್ಲಿ ನಡೆಯಬೇಕು. ಈ ನಿಯಮವನ್ನು ಯಾರೂ ಮಾಡಿದ್ದಲ್ಲ. ಒಬ್ಬರ ದಣಿವು ಇನ್ನೊಬ್ಬರಿಗೆ ಗೊತ್ತಿದ್ದ ಕಾರಣ ತಾನಾಗಿಯೇ ಬೆಳೆದದ್ದು.

ವಿಚಿತ್ರವೆಂದರೆ, ಅವನು ಮೊದಲು ಮೆಚ್ಚಿದ್ದು ಅವಳ ದನಿಯನ್ನೇ. ಮದುವೆಗೆ ಮೊದಲು ಪಾಳಿ ಮುಗಿಸಿ, ಬೆಳಗಾಗುವವರೆಗೆ ನಿಲ್ದಾಣದಲ್ಲೇ ಉಳಿದು, ಮಸಿ ಬೆರಳುಗಳಲ್ಲಿ ಚಹಾದ ಲೋಟ ಹಿಡಿದು, ತನ್ನ ಬಸ್ಸು ಹೊರಟುಹೋದರೂ ಅವಳ ದನಿ ಕೇಳುತ್ತ ನಿಂತಿರುತ್ತಿದ್ದನಂತೆ. ನಿಲ್ದಾಣದ ಕ್ಯಾಂಟೀನ್ ನಡೆಸುವ ಅಕ್ಕನೇ ಅವನ ಗುಟ್ಟು ಹಿಡಿದು, ಗಾಜಿನ ಕೋಣೆಯವರೆಗೆ ಕರೆತಂದು, "ತಗೊಳ್ಳಮ್ಮಾ, ದಿನಾ ಬಸ್ ಬಿಟ್ಕೊಳ್ಳೋ ಗಿರಾಕಿ ಇವನೇ" ಎಂದು ಒಪ್ಪಿಸಿದ್ದಳು. ಮದುವೆಯಾದ ಮೇಲೆ ಆ ದನಿ ಅವನ ಪಾಲಿಗೆ ಪಿಸುಮಾತಾಗಿ ಹೋಯಿತು.

ಆ ವರ್ಷದ ಪ್ರೇಮಿಗಳ ದಿನಕ್ಕೆ ಸರಿಯಾಗಿ ಪ್ರೆಸ್ಸಿನ ದೊಡ್ಡ ಯಂತ್ರ ಕೆಟ್ಟು ನಿಂತಿತು. ಹಗಲೆಲ್ಲ ರಿಪೇರಿಗೆ ಕೈ ಜೋಡಿಸಬೇಕು, ಸಂಜೆಯಿಂದ ಬಿಡುವು. ಸುದ್ದಿ ತಿಳಿದದ್ದೇ ತಡ, ಅವಳು ಜೊತೆಯವಳ ಕೈಕಾಲು ಹಿಡಿದು ಪಾಳಿ ಬದಲಿಸಿಕೊಂಡಳು.

"ಹೊರಗೆ ಹೋಗೋಣ್ವಾ?" ಅವನು ಪಿಸುಗುಟ್ಟಿದ್ದ.

"ಬೇಡ. ನಮ್ಮನೇಲೇ. ನಾವಿಬ್ಬರೂ ಒಟ್ಟಿಗೆ ಇದ್ರೆ ನಮ್ಮನೆ ಹೆಂಗಿರತ್ತೆ ಅಂತ ನೋಡ್ಬೇಕು ನಂಗೆ" ಎಂದು ಅವಳೂ ಪಿಸುಗುಟ್ಟಿದ್ದಳು.

ಊಟದ ಕೊನೆಗೊಂದು ಸಿಹಿ ಬೇಕಲ್ಲ? ಕ್ಯಾಂಟೀನ್ ಅಕ್ಕ ಚಾಕೊಲೇಟ್ ಸೂಫ್ಲೆ ಹೇಳಿಕೊಟ್ಟಳು. ಮೊಟ್ಟೆಯ ಬಿಳಿಯನ್ನು ನೊರೆಗಟ್ಟಿಸಿ, ಕರಗಿಸಿದ ಚಾಕೊಲೇಟಿಗೆ ಮೆಲ್ಲನೆ ಬೆರೆಸಿ, ಪುಟ್ಟ ಬಟ್ಟಲುಗಳಲ್ಲಿ ಓವನ್ನಿಗಿಟ್ಟರೆ ಅದು ಬಟ್ಟಲಿನ ಅಂಚು ದಾಟಿ ಟೊಪ್ಪಿಯಂತೆ ಉಬ್ಬಿ ನಿಲ್ಲುತ್ತದೆ.

"ಆದ್ರೆ ಒಂದ್ಮಾತು," ಅಕ್ಕ ಸೌಟು ಎತ್ತಿ ಎಚ್ಚರಿಸಿದಳು. "ಹೊರಗೆ ತೆಗೆದ ಕೂಡ್ಲೇ ತಿನ್ಬೇಕು. ಒಂದೆರಡು ನಿಮಿಷ ಆಯ್ತೋ, ಠುಸ್ ಅಂತ ಕೂತುಬಿಡತ್ತೆ. ನಿನ್ನ ಬಸ್ಸಾದ್ರೂ ಒಂದು ಗಳಿಗೆ ಕಾಯತ್ತೆ, ಅದು ಯಾರಪ್ಪಂಗೂ ಕಾಯಲ್ಲ."

ಅಂದು ಮಧ್ಯಾಹ್ನ ಮನೆಗೆ ಬಂದವಳು ಟವೆಲು ಹಿಡಿಗೆ ಹಾಕಿ ಸ್ವಲ್ಪ ಹೊತ್ತು ಮಲಗಿದಳು. ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಕೈ ತನ್ನ ಪಾಡಿಗೆ ಹಾಕಿತ್ತು. ನಿದ್ದೆ ಎಲ್ಲಿಂದ ಬರಬೇಕು? ಎದ್ದು ಅಡುಗೆಮನೆಗೆ ಹೋಗಿ, ಮದುವೆಗೆ ಉಡುಗೊರೆ ಬಂದಿದ್ದ ವಿದ್ಯುತ್ ಬೀಟರಿನ ಡಬ್ಬಿ ಇಳಿಸಿದಳು. ಸದ್ದಾಗುತ್ತದೆಂದು ಇಷ್ಟು ದಿನ ಡಬ್ಬಿಯ ಅಂಟನ್ನೂ ಬಿಚ್ಚಿರಲಿಲ್ಲ.

ಗುಂಡಿ ಒತ್ತಿದ್ದೇ ಅದು "ಘರ್ರ್" ಎಂದು ಅರಚಿತು. ಅವಳು ಬೆಚ್ಚಿಬಿದ್ದು ಆರಿಸಿದಳು. ಆಮೇಲೆ ತನಗೆ ತಾನೇ ನಕ್ಕು, ಮತ್ತೆ ಒತ್ತಿದಳು. ಬಟ್ಟಲಲ್ಲಿ ಮೊಟ್ಟೆಯ ಬಿಳಿ ಗುಳ್ಳೆಯಾಗಿ, ನೊರೆಯಾಗಿ, ಮೋಡದಂತೆ ಏಳತೊಡಗಿತು. ಸದ್ದು ಮಾಡುವುದರಲ್ಲಿ ಇಂಥ ಸುಖವಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಬಾಗಿಲು ದಬದಬ. ಕೆಳಗಿನ ಮನೆಯ ಅಜ್ಜಿ, ಕೈಯಲ್ಲಿ ಊರುಗೋಲು. ಅಜ್ಜಿಗೆ ಕಿವಿ ಮಂದ. ಹಾಗಾಗಿ ಲೋಕಕ್ಕೂ ಕಿವಿ ಮಂದವೆಂದೇ ತಿಳಿದು ಮಾತಾಡುತ್ತಿದ್ದರು.

"ಏನಮ್ಮಾ ಅದು? ನಮ್ಮ ಅಟ್ಟದ ಡಬ್ಬಿಗಳೆಲ್ಲ ಕುಣೀತಿವೆ! ಕಳ್ಳರು ಗೋಡೆ ಕೊರೀತಿದ್ದಾರೇನೋ ಅಂದ್ಕೊಂಡೆ!"

"ಇಲ್ಲ ಅಜ್ಜಿ, ಸಿಹಿ ಮಾಡ್ತಿದೀನಿ. ಇವತ್ತು ಅವರಿಗೆ ರಜ."

"ಓಹೋ! ಮಾಡು ಮಾಡು. ಈ ಮನೇಲಿ ಜನ ಇದ್ದಾರೆ ಅಂತ ಇವತ್ತು ಗೊತ್ತಾಯ್ತು. ನಂಗೊಂದು ಚಮಚ ಉಳಿಸು." ಅಜ್ಜಿ ನಗುತ್ತ ಸಂಜೆಯ ನಡಿಗೆಗೆ ಇಳಿದು ಹೋದರು.

ಬಟ್ಟಲು ಬೋರಲು ಹಾಕಿದರೂ ನೊರೆ ಬೀಳಲಿಲ್ಲ. ಅವಳ ಎದೆ ಹಿಗ್ಗಿತು. ಅದನ್ನು ಚಾಕೊಲೇಟಿಗೆ ಬೆರೆಸಿ, ಮೂರು ಪುಟ್ಟ ಬಟ್ಟಲುಗಳಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಳು. ಅವನು ಕೈಕಾಲು ತೊಳೆಯುವಷ್ಟರಲ್ಲಿ ಓವನ್ನಿಗಿಟ್ಟು, ಊಟ ಮುಗಿಯುವಷ್ಟರಲ್ಲಿ ತೆಗೆದರೆ ಆಯಿತು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಎರಡು ತಟ್ಟೆ, ಎರಡು ಮೇಣದ ಬತ್ತಿ ಇಟ್ಟಳು. ಆಮೇಲೆ ಕೋಣೆ ಸೇರಿ ಬಾಗಿಲು ಹಾಕಿಕೊಂಡು ಅಲಂಕಾರಕ್ಕೆ ಕೂತಳು. ಬೇಗ ಬಂದುಬಿಟ್ಟರೆ ಅರ್ಧ ಬಾಚಿದ ತಲೆಯಲ್ಲಿ ಕಾಣಿಸಿಕೊಳ್ಳಬಾರದಲ್ಲ!

ಕನ್ನಡಿಯ ಮುಂದೆ ಓಲೆ ಸಿಕ್ಕಿಸುತ್ತಿದ್ದಾಗ ಹೊರಗೆಲ್ಲೋ ಚಿಪ್ಸಿನ ಪೊಟ್ಟಣ ಹಿಸುಕಿದಂಥ ಸಣ್ಣ ಸದ್ದಾಯಿತು. ಫ್ರಿಜ್ಜಿರಬೇಕು ಎಂದುಕೊಂಡು ಇನ್ನೊಂದು ಓಲೆ ಕೈಗೆತ್ತಿಕೊಂಡಳು.

ಸಿದ್ಧವಾಗಿ ಹೊರಗೆ ಬಂದು, ದೇವರ ಪಟದ ಮುಂದೆ ಒಂದು ಕ್ಷಣ ನಿಂತು, "ಇವತ್ತೊಂದಿನ ನಮ್ಮ ಪಾಲಿಗಿರಲಿ, ತಂದೆ" ಎಂದು ಕೈಮುಗಿದಳು. ಮತ್ತೇನನ್ನೂ ಬೇಡಲಿಲ್ಲ.

ಬರುವ ಹೊತ್ತಾಯಿತು. ಹೊತ್ತು ಮೀರಿತು. ಕಿಟಕಿಯಿಂದ ನೋಡಿದಳು. ಬೀದಿಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಫೋನು ಮಾಡಿದರೆ ಆರಿಸಿದೆ ಎನ್ನುತ್ತಿತ್ತು. ಯಂತ್ರ ಇನ್ನೂ ಸರಿಹೋಗಲಿಲ್ಲವೇ? ಅಥವಾ ಸರಿಹೋಗಿ, ರಾತ್ರಿಗೂ ನಿಲ್ಲಿಸಿಕೊಂಡರೇ? ಆ ಯೋಚನೆ ಬಂದದ್ದೇ ಮತ್ತೆ ಕಿಟಕಿಗೆ ಹೋದಳು. ಇಂಥ ಸಂಜೆ ಮತ್ತೆ ಯಾವಾಗಲೋ! ಯಂತ್ರ ಕೆಡಲಿ ಎಂದು ದಿನಾ ದೇವರಿಗೆ ಮೊರೆಯಿಡಲಾಗುತ್ತದೆಯೇ?

ಆಗ ಕೇಳಿಸಿತು, ಮೆಟ್ಟಿಲ ಮೇಲೆ ಹೆಜ್ಜೆ. ಮೆಲ್ಲಗೆ, ಬಹಳ ಮೆಲ್ಲಗೆ. ಈ ಕಟ್ಟಡದಲ್ಲಿ ಹಾಗೆ ನಡೆಯುವವನು ಒಬ್ಬನೇ!

ಅವಳು ಅಡುಗೆಮನೆಗೆ ಹಾರಿದಳು. ಬಿಸಿಯಾಗಿ ಕಾದಿದ್ದ ಓವನ್ನಿಗೆ ಬಟ್ಟಲುಗಳನ್ನು ತಳ್ಳಿ, ಓಡಿಬಂದು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಳು. ಬಾಗಿಲು ತೆರೆದ ಕೂಡಲೇ ಎದುರಿಗೆ ನಿಂತು ಬೆಚ್ಚಿಬೀಳಿಸಬೇಕೆಂದು ಅವಳ ಆಸೆ. ಹೆಜ್ಜೆ ಬಾಗಿಲ ಬಳಿ ನಿಂತಿತು. ಕೀಲಿ ತಿರುಗಲಿಲ್ಲ. ಅವಳು ಕಾದಳು. ಆ ಕಡೆಯೂ ಯಾರೋ ಕಾಯುತ್ತಿರುವಂತಿತ್ತು. ಆಮೇಲೆ ಹೆಜ್ಜೆ ಬಂದ ಹಾಗೆಯೇ ಇಳಿದುಹೋಯಿತು.

ಬೇರೆ ಯಾರೋ ಮನೆ ತಪ್ಪಿ ಬಂದವರು! ಅವಳು ತಲೆ ಚಚ್ಚಿಕೊಂಡಳು. ಓವನ್ನಿನ ಗಾಜಿನೊಳಗೆ ಇಣುಕಿದರೆ ಸೂಫ್ಲೆ ಆಗಲೇ ಅಂಚು ಮುಟ್ಟಿದೆ. ಈಗ ತೆಗೆಯುವ ಹಾಗಿಲ್ಲ, ಬಿಡುವ ಹಾಗಿಲ್ಲ. ಹತ್ತು ಹನ್ನೆರಡು ನಿಮಿಷದ ಬೇಯುವಿಕೆ. ಅದು ಉಬ್ಬುತ್ತಿದ್ದ ಹಾಗೆ ಇವಳ ಧೈರ್ಯ ಇಳಿಯುತ್ತಿತ್ತು. ಚಾಕೊಲೇಟಿನ ಘಮಘಮ ಮನೆಯೆಲ್ಲ ತುಂಬಿ, ಬಾಗಿಲ ಸಂದಿಯಿಂದ ಮೆಟ್ಟಿಲಿಗೂ ಹರಿಯಿತು.

ಅಷ್ಟರಲ್ಲಿ ಕೆಳಗಿನಿಂದ ಅಜ್ಜಿಯ ಗಂಟಲು ಗುಡುಗಿತು.

"ಅಯ್ಯೋ ಇದೇನಪ್ಪಾ ನಿನ್ನ ವೇಷ! ಹೊಸ ಮದುಮಗನ ಹಾಗೆ ಇಸ್ತ್ರಿ ಅಂಗಿ ಹಾಕ್ಕೊಂಡು, ಹೂವು ಹಿಡ್ಕೊಂಡು, ಮೆಟ್ಟಿಲ ಮೇಲೆ ಕೂತಿದೀಯಲ್ಲ? ಹೆಂಡ್ತಿ ಹೊರಗೆ ಹಾಕಿದ್ಲಾ?"

ಉತ್ತರವೇನೋ ಕೇಳಿಸಲಿಲ್ಲ.

"ಏನು? ಜೋರಾಗಿ ಹೇಳು! ಮಲಗಿದ್ದಾಳಾ? ಯಾರು ಮಲಗಿದ್ದಾಳೆ? ಈ ಘಮ ನಿನ್ನ ಮೂಗಿಗೆ ಬಡೀತಿಲ್ವಾ? ಮಲಗಿದೋಳು ಕನಸಲ್ಲಿ ಬೇಯಿಸ್ತಿದ್ದಾಳಾ?"

ಅವಳು ಬಾಗಿಲು ತೆರೆದು ಮೆಟ್ಟಿಲ ಕಟಕಟೆಯ ಮೇಲಿಂದ ಬಗ್ಗಿ ನೋಡಿದಳು. ಒಂದು ಸುತ್ತು ಕೆಳಗಿನ ಮೆಟ್ಟಿಲ ಮೇಲೆ ಅವನು. ಬೂಟುಗಳು ಪಕ್ಕದಲ್ಲಿ. ತೊಡೆಯ ಮೇಲೆ ಹೂಗುಚ್ಛ. ತುಟಿಯ ಮೇಲೆ ಬೆರಳಿಟ್ಟು ಅಜ್ಜಿಗೆ "ಷ್, ಷ್" ಎಂದು ಸನ್ನೆ ಮಾಡುತ್ತಿದ್ದ. ಮಸಿ ಹೋಗಲೆಂದು ಎಷ್ಟು ತಿಕ್ಕಿದ್ದನೋ, ಆ ಬೆರಳು ಕೆಂಪಗಾಗಿತ್ತು.

ಅದೇ ಹೊತ್ತಿಗೆ ಒಳಗೆ ಓವನ್ನು "ಟಿಣ್" ಎಂದಿತು.

ಅವಳಿಗೆ ಪಿಸುಗುಟ್ಟುವುದು ಮರೆತೇಹೋಯಿತು. ಗಾಜಿನ ಕೋಣೆಯಲ್ಲಿ ಕೂತಂತೆ ಬೆನ್ನು ನೆಟ್ಟಗಾಯಿತು, ಎದೆಯಲ್ಲಿ ಉಸಿರು ತುಂಬಿತು.

"ದಯವಿಟ್ಟು ಗಮನಿಸಿ! ಮೆಟ್ಟಿಲ ಮೇಲೆ ಕುಳಿತಿರುವ ಮಸಿ ಬೆರಳಿನ ಪ್ರಯಾಣಿಕರು ಕೂಡಲೇ ಮೇಲಿನ ಮನೆಗೆ ಬರಬೇಕು! ಸೂಫ್ಲೆ ಹೊರಡಲು ಸಿದ್ಧವಾಗಿದೆ! ರೀ, ಓಡಿ ಬನ್ರೀ!"

ಆ ದನಿ ಮೆಟ್ಟಿಲುಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಉರುಳಿಹೋಯಿತು. ಅಕ್ಕಪಕ್ಕದ ಬಾಗಿಲುಗಳು ತೆರೆದವು. ಅಜ್ಜಿ ಚಪ್ಪಾಳೆ ತಟ್ಟಿ, "ಕೇಳಿಸ್ತು! ನಂಗೇ ಕೇಳಿಸ್ತು!" ಎಂದರು. ಅವನು ಮಾತ್ರ ಒಂದು ಕ್ಷಣ ಮೇಲೆ ನೋಡುತ್ತ ಹಾಗೇ ಕೂತಿದ್ದ, ಬಸ್ಸು ಬಿಟ್ಟುಕೊಂಡು ನಿಲ್ಲುತ್ತಿದ್ದ ಹಳೆಯ ಗಿರಾಕಿಯ ಹಾಗೆ. ಆಮೇಲೆ ಬೂಟು ಅಲ್ಲೇ ಬಿಟ್ಟು, ಎರಡೆರಡು ಮೆಟ್ಟಿಲು ಹಾರುತ್ತ ಓಡಿಬಂದ.

"ನಾನು ಆಗ್ಲೇ ಒಳಗೆ ಬಂದಿದ್ದೆ ಕಣೆ," ಏದುಸಿರಲ್ಲೂ ಪಿಸುಗುಟ್ಟಿದ. "ಟವೆಲು ಹಾಕಿತ್ತು."

ಅವಳು ತಿರುಗಿ ನೋಡಿದಳು. ಕೋಣೆಯ ಬಾಗಿಲ ಹಿಡಿಯ ಮೇಲೆ ನೀಲಿ ಟವೆಲು, ಮಧ್ಯಾಹ್ನ ಹಾಕಿದ್ದು ಹಾಗೇ ಇತ್ತು. ದಿನಾ ಕಂಡು ಕಂಡು ಅವಳ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

"ಮೇಜು ಸಿದ್ಧ ಮಾಡಿ ಸುಸ್ತಾಗಿ ಮಲಗಿದ್ದೀಯ ಅಂದ್ಕೊಂಡೆ. ಒಳಗೇ ಕೂತ್ಕೊಳ್ಳೋಣ ಅಂದ್ರೆ ಈ ಹೂವಿನ ಕಾಗದ ಮುಟ್ಟಿದ್ರೆ ಚರಚರ ಅನ್ನತ್ತೆ. ನಿದ್ದೆ ಹಾಳಾಗತ್ತೆ ಅಂತ ಹೊರಗೆ ಹೋದೆ. ಆಮೇಲೊಂದ್ಸಲ ಬಂದು ಬಾಗಿಲಿಗೆ ಕಿವಿ ಇಟ್ಟು ಕೇಳ್ದೆ, ಒಂದು ಚೂರೂ ಸದ್ದಿಲ್ಲ."

"ನಾನು ಬಾಗಿಲ ಈ ಕಡೆ ಉಸಿರು ಹಿಡ್ಕೊಂಡು ನಿಂತಿದ್ದೆನಲ್ರೀ!"

ಇಬ್ಬರೂ ಮುಖ ಮುಖ ನೋಡಿಕೊಂಡರು. ನಗು ಒಳಗಿನಿಂದ ಒದ್ದುಕೊಂಡು ಬರುತ್ತಿತ್ತು. ಆದರೆ ನಗಲು ಈಗ ಪುರುಸೊತ್ತೆಲ್ಲಿ?

"ಅಯ್ಯೋ, ಕೂತುಬಿಡತ್ತೆ!" ಎಂದು ಅವಳು ಆ ನೀಲಿ ಟವೆಲನ್ನೇ ಹಿಡಿಯಿಂದ ಸೆಳೆದು, ಮಡಚಿ, ಅದರಲ್ಲೇ ಬಿಸಿ ಬಟ್ಟಲುಗಳನ್ನು ಹಿಡಿದು ಹೊರತೆಗೆದಳು.

ಮೂರೂ ಅಂಚು ದಾಟಿ ನಿಂತಿದ್ದವು. ತಲೆ ಸ್ವಲ್ಪ ಬಿರಿದು, ಬಿರುಕಿನಲ್ಲಿ ಹಬೆಯಾಡುತ್ತಿತ್ತು. ಊಟ ಮೊದಲು, ಸಿಹಿ ಆಮೇಲೆ ಎಂಬ ಲೆಕ್ಕವೆಲ್ಲ ಗಾಳಿಗೆ ಹೋಯಿತು. ಅಡುಗೆ ಕಟ್ಟೆಯ ಬಳಿ ನಿಂತೇ, ಒಂದೊಂದು ಚಮಚ ಹಿಡಿದು ಮುರಿದರು. ಮೇಲೆ ಗರಿಗರಿ, ಒಳಗೆ ಮೋಡ. ಅವನು ಆತುರಕ್ಕೆ ನಾಲಿಗೆ ಸುಟ್ಟುಕೊಂಡು, ಬಾಯಿ ತೆರೆದು ಕೈಯಿಂದ ಗಾಳಿ ಹಾಕಿಕೊಳ್ಳುತ್ತ ಕುಣಿದ.

"ಹೆಂಗಿದೆ?" ಅವಳು ಪಿಸುಗುಟ್ಟಿದಳು.

"ಕೇಳಿಸಲಿಲ್ಲ" ಎಂದ ಅವನು, ಗಟ್ಟಿಯಾಗಿ.

ಅವಳು ನಕ್ಕಳು. "ಹೆಂಗಿದೆ ಅಂದೆ!" ಎಂದು ಕೂಗಿದಳು.

"ಇನ್ನೊಂದ್ಸಲ ಹೇಳು. ಮೆಟ್ಟಿಲ ಮೇಲೆ ಹೇಳಿದ್ಯಲ್ಲ, ಹಂಗೆ."

"ಅಷ್ಟರಲ್ಲಿ ಅದು ಕೂತುಬಿಡತ್ತೆ ರೀ!"

"ಕೂತ್ರೆ ಕೂತ್ಕೊಳ್ಳಲಿ. ನೀನು ಹೇಳು."

ಮೂರನೆಯ ಬಟ್ಟಲು ಅಜ್ಜಿಯ ಪಾಲಿನದು. ಮಾತಿನ ಭರದಲ್ಲಿ ಅದು ಚಪ್ಪಟೆಯಾಗಿ ಕೂತುಬಿಟ್ಟಿತ್ತು. ಅವನೇ ಬೂಟು ತರುವ ನೆಪದಲ್ಲಿ ಇಳಿದು ಕೊಟ್ಟುಬಂದ. ಮೇಲೆ ಬಂದಾಗ ಅವಳು ಮೇಣದ ಬತ್ತಿ ಹಚ್ಚಿ, ಊಟ ಬಡಿಸಿ, ಬಾಯಿಬಿಟ್ಟು ಹಾಡಿಕೊಳ್ಳುತ್ತಿದ್ದಳು. ಅವನು ಬಾಗಿಲನ್ನು ಢಬ್ ಎಂದು ಹಾಕಿ ಒಳಗೆ ಬಂದ.