ಅಮ್ಮ ಒರೆಸಿದ ತುಕ್ಕು

ಒಂಟಿಕೊಪ್ಪಲಿನ ನಮ್ಮ ಮನೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಯಾವ ಕಬ್ಬಿಣದ ಸಾಮಾನಿನ ಮೇಲೂ ತುಕ್ಕು ಉಳಿಯುವಂತಿಲ್ಲ. ಈಳಿಗೆಮಣೆಯಿಂದ ಹಿಡಿದು ಹಳೇ ಸೈಕಲ್ಲಿನವರೆಗೆ ಎಲ್ಲವನ್ನೂ ಅಮ್ಮ ಹುಣಸೆಹಣ್ಣು ಹಾಕಿ ಉಜ್ಜುತ್ತಾಳೆ. ಅಂಥ ದಿನವೇ ಚಿತ್ರ ಬರೆಯುವ ನನ್ನ ಅಕ್ಕ ತಾರಸಿಯ ಮೇಲೆ ತುಕ್ಕು ಬೆಳೆಸುತ್ತಿದ್ದಳು! ಹಳೆಯದೊಂದು ಗೇಟಿನ ಚಿತ್ರ ಅದು. ಕ್ಯಾನ್‌ವಾಸಿಗೆ ಅಂಟು ಬಳಿದು, ಕಬ್ಬಿಣದ ಪುಡಿ ಮೆತ್ತಿ, ಉಪ್ಪು ಬೆರೆಸಿದ ವಿನೆಗರ್ ಚಿಮುಕಿಸಿ ಬಿಟ್ಟಿದ್ದಳು.

ನಾವು ಊಟ ಮುಗಿಸಿ ಮೇಲೆ ಹೋಗುವಷ್ಟರಲ್ಲಿ ಅಮ್ಮ ಅದನ್ನೂ ಹುಣಸೆ ನೀರಿನ ಬಟ್ಟೆಯಲ್ಲಿ ಒರೆಸಿಯಾಗಿತ್ತು. ಅವಳ ಕಣ್ಣಿಗೆ ಅದು ತುಕ್ಕು ಹಿಡಿದ ತಗಡು. ನಾನು ಸೂರು ಹಾರಿಹೋಗುವಂತೆ ಕೂಗಾಡಿದೆ. ಚಿತ್ರ ಬರೆದವಳು ಮಾತ್ರ ಮಂಡಿಯೂರಿ ಅದನ್ನೇ ನೋಡುತ್ತಾ ಕುಳಿತಳು.

"ಸುಮ್ನಿರೋ. ಹುಣಸೇನೂ ವಿನೆಗರ್ ಥರ ಹುಳೀನೇ ತಾನೆ? ಬೆಳಿಗ್ಗೆ ನೋಡೋಣ."

ಬೆಳಿಗ್ಗೆ ನೋಡಿದರೆ ಅಮ್ಮನ ಕೈಯಾಡಿದ ಕಡೆಯೆಲ್ಲ ಹೊಸ ತುಕ್ಕು ಎದ್ದಿತ್ತು. ಬಟ್ಟೆ ಎಳೆದ ಗೆರೆಗಳು, ಎಷ್ಟೋ ಮಳೆಗಾಲದ ನೀರು ಗೇಟಿನ ಮೇಲೆ ಇಳಿದಂತೆ ಕಾಣುತ್ತಿದ್ದವು. ಅಕ್ಕ ಒಂದು ಗೆರೆಯನ್ನೂ ತಿದ್ದಲಿಲ್ಲ. ಆ ತಾಳ್ಮೆಯಲ್ಲಿ ಒಂದು ಚಮಚದಷ್ಟಾದರೂ ನನಗೆ ಬರಬಾರದಿತ್ತೇ!

ಚಿತ್ರ ಈಗ ನಮ್ಮ ಹಜಾರದ ಗೋಡೆಯ ಮೇಲಿದೆ. ಮನೆಗೆ ಬಂದವರು ಅದರ ಮುಂದೆ ನಿಂತರೆ ಸಾಕು, ಅಮ್ಮನಿಗೆ ಎಲ್ಲಿಲ್ಲದ ಸಂಕೋಚ.

"ನಾನೂ ಉಜ್ಜಿ ನೋಡ್ಬುಟ್ಟೆ ಕಣ್ರೀ, ಹೋಗ್ಲೇ ಇಲ್ಲ."