ಹಾಲಿನ ಕ್ಯಾನಿನಲ್ಲಿ ಮನೆಗೆ ಹೋದ ಪುಸ್ತಕಗಳು

ಆಷಾಢದ ಗಾಳಿ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಬಿಡದೆ ಬೀಸುತ್ತಿದೆ. ಚೆಂಡು ಹೂವಿನ ಹೊಲಗಳಿಗೆ ಕೊಯ್ಲಿನ ಆಳುಗಳು ಇಳಿಯಲು ಇನ್ನೂ ಹೊತ್ತಿದೆ. ಕಲ್ಲುಕಟ್ಟೆಪುರದ ಹಾಲಿನ ಡೈರಿಯಲ್ಲಿ ಮಾತ್ರ ದೀಪ ಹತ್ತಿದೆ. ನೀಲಾವತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ಹಾಲಿನ ಡಿಗ್ರಿ ನೋಡುತ್ತಾರೆ, ಅಳೆಯುತ್ತಾರೆ, ದೊಡ್ಡ ಕ್ಯಾನಿಗೆ ಸುರಿಯುತ್ತಾರೆ. ಖಾಲಿಯಾದ ಪಾತ್ರೆಯನ್ನು ತೊಳೆದು ಒರೆಸಿ ವಾಪಸು ಕೊಡುವ ಮುಂಚೆ ಒಂದು ಮಾತು ಕೇಳುತ್ತಾರೆ: “ಹಳೇದು ತಂದ್ಯಾ?”

ಹಳೇದು ಅಂದರೆ ಓದಿ ಮುಗಿದ ಪುಸ್ತಕ. ತಂದಿದ್ದರೆ ಬೇರೆಯದೊಂದು ಪ್ಲಾಸ್ಟಿಕ್ ಕವರು ಸುತ್ತಿಕೊಂಡು ಆ ಖಾಲಿ ಕ್ಯಾನಿನೊಳಗೇ ಇಳಿದು ಮನೆಗೆ ಹೋಗುತ್ತದೆ. ತೆರಕಣಾಂಬಿಯಲ್ಲಿ ಬಸ್ಸಿಳಿದು ಒಳದಾರಿಯಲ್ಲಿ ನಡೆದರೆ ಸಿಗುವ ಈ ಸಣ್ಣ ಊರಿನಲ್ಲಿ ಇದು ಹತ್ತು ಹನ್ನೆರಡು ವರ್ಷದ ರೂಢಿ. ಇವತ್ತು ಅದರ ಕೊನೆಯ ಬೆಳಗು. ಬರುವ ಹಾಲು ಕಡಿಮೆಯಾಯಿತೆಂದು ಈ ಡೈರಿಯನ್ನು ಪಕ್ಕದೂರಿನ ಡೈರಿಗೆ ಸೇರಿಸಿದ್ದಾರೆ. ನಾಳೆಯಿಂದ ರಸ್ತೆಬದಿಗೆ ಗಾಡಿ ಬರುತ್ತದೆ, ಹಾಲು ಹಾಕಿಸಿಕೊಂಡು ಹೊರಟುಹೋಗುತ್ತದೆ.

ಊರಿನ ಶಾಲೆ ಮುಚ್ಚಿದಾಗ ಅಲ್ಲಿನ ಪುಸ್ತಕಗಳನ್ನು ಗುಜರಿಗೆ ಹಾಕುವ ಮಾತು ನಡೆದಿತ್ತು. ಹತ್ತನೇ ಕ್ಲಾಸಿಗೆ ಓದು ಬಿಟ್ಟು ಸೊಸೆಯಾಗಿ ಬಂದಿದ್ದ ನೀಲಾವತಿ ಅವನ್ನು ತಲೆಯ ಮೇಲೆ ಹೊತ್ತು ಡೈರಿಗೆ ತಂದರು. ಬೂಸದ ಮೂಟೆಗಳ ಪಕ್ಕ ಎರಡು ಹಲಗೆ ಹೊಡೆಸಿದರು. ಆಮೇಲೆ ಚಾಮರಾಜನಗರಕ್ಕೆ ಹೋದಾಗೆಲ್ಲ ಹಳೇ ಪೇಪರಿನ ಅಂಗಡಿಗಳಲ್ಲಿ ಹುಡುಕಿ ತೂಕದ ಲೆಕ್ಕದಲ್ಲಿ ತಂದವು ಸೇರಿದವು. ಕೆಳಗಿನ ಹಲಗೆ ಮಕ್ಕಳದು: ಬಣ್ಣದ ಚಿತ್ರದ ಕತೆಗಳು, ಹಕ್ಕಿಗಳ ಪುಸ್ತಕ, ನಕ್ಷತ್ರಗಳದ್ದು, ಒಗಟು, ಮಗ್ಗಿ. ಮೇಲಿನದು ದೊಡ್ಡವರದು: ಕಾದಂಬರಿ, ದನದ ಕಾಯಿಲೆಯ ಕೈಪಿಡಿ, ಬಾಣಂತಿ ಆರೈಕೆ, ಪೊಲೀಸ್ ಪರೀಕ್ಷೆಯ ಗೈಡು, ರಟ್ಟು ಕಿತ್ತ ಒಂದು ಭೂಪಟ. ನೀಲಾವತಿಯವರು ಎಲ್ಲವನ್ನೂ ಓದಿಲ್ಲ. ಓದಲು ಪುರುಸೊತ್ತೂ ಇಲ್ಲ. ಬೆಳಿಗ್ಗೆ, ಸಂಜೆ ಡೈರಿ, ನಡುವೆ ಕೂಲಿ.

ಮೊದಲು ಕವರು ಸುತ್ತುವುದು ಯಾರಿಗೂ ಹೊಳೆದಿರಲಿಲ್ಲ. ಒದ್ದೆ ಕ್ಯಾನಿನಲ್ಲಿ ಹೋದ ಪುಸ್ತಕಗಳು ಹುಳಿ ಹಾಲಿನ ವಾಸನೆ ಹೊತ್ತು ಬರುತ್ತಿದ್ದವು, ಇರುವೆ ಮುತ್ತುತ್ತಿದ್ದವು. ಮಾರಯ್ಯ ಅನ್ನುವವರು ಒಂದು ಕಾದಂಬರಿಯನ್ನು ಕ್ಯಾನಿನಿಂದ ತೆಗೆದು ಕೊಟ್ಟಿಗೆಯ ಗೋಡೆಯ ಮೇಲಿಟ್ಟು ಮರೆತರು. ಹಾಲಿನ ವಾಸನೆ ಹಿಡಿದ ಕರು ಅದರ ಕೊನೆಯ ಹಾಳೆಗಳನ್ನೂ ಹಿಂದಿನ ರಟ್ಟನ್ನೂ ತಿಂದುಹಾಕಿತು. ಇವತ್ತೂ ಸಾಲಿನಲ್ಲಿ ನಿಂತಿರುವ ಮಾರಯ್ಯ ಅದನ್ನು ನೆನೆದು ನಗುತ್ತಾರೆ. “ಈ ಊರಲ್ಲಿ ಪುಸ್ತಕ ಅರಗಿಸ್ಕಂಡಿರೋದು ನಮ್ ಕರ ಒಂದೇ ಕಣವ್ವ.” ಆ ಕರು ಹಸುವಾಗಿ, ಮುದಿಯಾಗಿ, ಹೋದ ವರ್ಷ ಮಾರಾಟವೂ ಆಯಿತು.

ಹಿಂದೆ ಇನ್ನೂರು ಲೀಟರು ಬರುತ್ತಿದ್ದ ಡೈರಿಗೆ ಈಗ ಐವತ್ತು ಬಂದರೆ ಹೆಚ್ಚು. ಹಿಂಡಿಯ ಬೆಲೆ ಏರಿದ ಮೇಲೆ ದನ ಮಾರಿದವರು ಗಂಡ ಹೆಂಡತಿ ಮಕ್ಕಳ ಸಮೇತ ವಯನಾಡಿನ ಶುಂಠಿ ಹೊಲಗಳಿಗೆ ಹೋಗುತ್ತಿದ್ದಾರೆ. ಮಕ್ಕಳು ಕೈಗೆ ಸಿಕ್ಕ ಪುಸ್ತಕವನ್ನೂ ಜೊತೆಗೆ ಒಯ್ದಿದ್ದಾರೆ. ಒಯ್ದದ್ದು ಬಂದಿಲ್ಲ, ಮಕ್ಕಳೂ ಬಂದಿಲ್ಲ. ಕೆಳಗಿನ ಹಲಗೆಯಲ್ಲಿ ಈಗ ಮಗ್ಗಿ ಪುಸ್ತಕಗಳೇ ಹೆಚ್ಚು. “ಹೋದ್ ಪುಸ್ತಕ ಹೋಗ್ಲಿ ಬುಡಿ,” ಅನ್ನುತ್ತಾರೆ ನೀಲಾವತಿ. “ಟಾರ್ಪಾಲ್ ಶೆಡ್ಡಲ್ಲಿ ಕುಂತ್ಕಂಡು ಒಂದ್ ಮಗ ಹಕ್ಕಿ ಚಿತ್ರ ನೋಡುದ್ರೂ ಸಾಕು. ನೋಡ್ತಾವೋ, ಒಲೆಗಾಕುದ್ರೋ, ಯಾರ್ ಕಂಡವ್ರ.”

ಡೈರಿಯ ಅಧ್ಯಕ್ಷ ಶಿವರುದ್ರಸ್ವಾಮಿ ಕೆಟ್ಟವರಲ್ಲ. ಪಕ್ಕದೂರಿನ ಡೈರಿಯಲ್ಲಿ ಪುಸ್ತಕಗಳಿಗೆ ಒಂದು ಮೂಲೆ ಕೊಡಿ ಎಂದು ಅವರೂ ಕೇಳಿ ನೋಡಿದರಂತೆ. ಹಾಲು ತಣ್ಣಗಿಡುವ ಮಿಷನ್ನು ಬಂದಿದೆ, ಜಾಗವಿಲ್ಲ ಎಂಬ ಉತ್ತರ ಬಂತಂತೆ. ಈ ಕಟ್ಟಡ ಗೊಬ್ಬರದ ಗೋಡೌನಿಗೆ ಬಾಡಿಗೆಗೆ ಹೋಗುತ್ತದೆ. ಪುಸ್ತಕಗಳು ಬೂಸದ ಖಾಲಿ ಚೀಲ ಸೇರಿ ನೀಲಾವತಿಯವರ ಒಂದೇ ಕೋಣೆಯ ಮನೆಗೆ ಹೋಗಬೇಕು. ಅಲ್ಲಿ ಸೂರು ಸೋರುತ್ತದೆ, ಗೋಡೆಗೆ ಗೆದ್ದಲು ಹತ್ತಿದೆ. “ನಂಗ ಸಂಬಳದ ಕೆಲ್ಸ ಹೋದ್ರ ಹೂ ಕೊಯ್ಯಕ ಓಯ್ತೀನಿ. ಅವಕ್ಕ ನೀರ್ ಬೀಳ್ದಿರೋ ಜಾಗ ಒಂದ್ ಸಿಕ್ಕುದ್ರ ಸಾಕಾಗಿತ್ತು,” ಎಂದು ಅವರು ಕ್ಯಾನಿನ ಮುಚ್ಚಳ ಬಡಿಯುತ್ತಾರೆ.

ಸಾಲು ಕರಗಿದ ಮೇಲೆ ಉಳಿಯುವವರು ದೊಡ್ಡಮಾದಮ್ಮ. ಒಂದು ಚೊಂಬು ಹಾಲು ತರುವ ಅಜ್ಜಿ. ಓದು ಬಾರದು. ಓದಿ ಹೇಳುತ್ತಿದ್ದ ಮೊಮ್ಮಗಳು ಶಾಂತಿಯೂ ಅಪ್ಪ ಅಮ್ಮನ ಹಿಂದೆ ಶುಂಠಿ ಹೊಲಕ್ಕೆ ಹೋದಳು. ಸಂಕ್ರಾಂತಿಯ ಹೊತ್ತಿಗೆ ಅಜ್ಜಿ ಮೇಲಿನ ಹಲಗೆಯಿಂದ ತಾವೇ ಒಂದು ಪುಸ್ತಕ ಎಳೆದರು. ರಟ್ಟಿನ ಮೇಲೆ, ಮಗುವಿನ ಅಂಗಿ ಹಿಡಿದು ಬಾಗಿಲಲ್ಲಿ ಅಳುತ್ತ ನಿಂತ ಹೆಂಗಸಿನ ಚಿತ್ರ. ಈಕೆ ಯಾಕೆ ಅಳುತ್ತಿದ್ದಾಳೆ, ಓದಿ ಹೇಳು ಎಂದರು. ಅದು ಮಾರಯ್ಯನ ಕರು ತಿಂದು ಬಿಟ್ಟ ಕಾದಂಬರಿ.

ಇಲ್ಲ ಎನ್ನಲು ನೀಲಾವತಿಯವರಿಗೆ ಬಾಯಿ ಬರಲಿಲ್ಲ. ಕೊನೆಗೆ ಬರುವಷ್ಟರಲ್ಲಿ ಇನ್ನೊಂದು ಪ್ರತಿ ಹುಡುಕಿಬಿಡುತ್ತೇನೆ ಎಂದುಕೊಂಡರು. ಚಾಮರಾಜನಗರದಲ್ಲಿ ಕೇಳಿದರು, ಮೈಸೂರಿಗೆ ಹೋದವರ ಕೈಲಿ ಹೇಳಿ ಕಳಿಸಿದರು. ಆ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಲ್ಲವಂತೆ. ಆಮೇಲೆ ಓದುವುದನ್ನೇ ನಿಧಾನ ಮಾಡಿದರು. ದಿನಕ್ಕೆರಡು ಪುಟ ಇದ್ದದ್ದು ಒಂದಾಯಿತು, ಅರ್ಧವಾಯಿತು. ಅಜ್ಜಿ ಬೇಸರಪಡದೆ ಕೇಳಿದರು. ತನ್ನಿಂದ ಕಿತ್ತುಕೊಂಡ ಮಗನಿಗಾಗಿ ಕತೆಯ ಹೆಂಗಸು ಊರೂರು ಅಲೆಯುತ್ತಾಳೆ.

ಇವತ್ತು ನೀಲಾವತಿ ಉಳಿದದ್ದನ್ನೆಲ್ಲ ನಿಂತೇ ಓದುತ್ತಾರೆ. ಕತೆಯ ಹೆಂಗಸು ಒಂದು ಮನೆಯ ಮುಂದೆ ನಿಂತು ಕದ ತಟ್ಟುತ್ತಾಳೆ. ಒಳಗೆ ಯಾರದೋ ಹೆಜ್ಜೆ ಸಪ್ಪಳ. ಅಲ್ಲಿಗೆ ಹಾಳೆ ಹರಿದಿದೆ.

“ಯಾರ್ ತಗುದ್ರು? ಮಗಾನಾ?” ದೊಡ್ಡಮಾದಮ್ಮ ಕೇಳುತ್ತಾರೆ.

“ಮುಂದ್ಕ ಹಾಳೆ ಇಲ್ಲ ದೊಡ್ಡವ್ವ. ಮಾರಯ್ಯನ ಕರ ತಿಂದದ್ದು ಇದ್ನೇಯ. ಮೊದ್ಲೇ ಹೇಳ್ನಿಲ್ಲ ನಾನು.”

ಅಜ್ಜಿ ಹರಿದ ಅಂಚನ್ನು ಬೆರಳಲ್ಲಿ ಸವರುತ್ತಾರೆ. “ಮಗ ಸಿಕ್ದ ಅಂತ ಹೇಳ್ಬುಡು ಕಣಮ್ಮಿ. ಸುಳ್ಳೋ ದಿಟವೋ, ನಂಗೇನ್ ಗೊತ್ತಾಯ್ತದಾ.”

ನೀಲಾವತಿ ಇಲ್ಲವೆಂದು ತಲೆಯಾಡಿಸುತ್ತಾರೆ. “ಹಾಲ್ಗ ನೀರ್ ಬೆರ್ಸಿದಂಗ ಆಯ್ತದ ದೊಡ್ಡವ್ವ. ಇಷ್ಟ್ ವರ್ಷ ಹಾಲ್ ಅಳ್ದಿವ್ನಿ, ಅದೊಂದ್ ಮಾಡ್ನಿಲ್ಲ.”

ರಸ್ತೆಯಲ್ಲಿ ಡೈರಿಯ ಕ್ಯಾನುಗಳನ್ನು ಒಯ್ಯುವ ಗಾಡಿಯ ಹಾರ್ನು ಕೇಳುತ್ತದೆ. ದೊಡ್ಡಮಾದಮ್ಮ ಗೋಡೆ ಹಿಡಿದು ಏಳುತ್ತಾರೆ.

“ಹಂಗಾರ ನಂಗ ಕೊಡ್ಬೇಕಾದ ಕತೆ ನಿನ್ ತಾವೇ ಉಳ್ಕತು.”

“ಹೂಂ ದೊಡ್ಡವ್ವ. ಬಾಕಿ ಅದ,” ಎಂದು ನೀಲಾವತಿ ಅಜ್ಜಿಯ ಚೊಂಬನ್ನು ತೊಳೆಯಲು ಕೈಗೆತ್ತಿಕೊಳ್ಳುತ್ತಾರೆ.