ಅವಳ ಪಕ್ಕದ ಜಾಗ

ಕಳೆದ ತಿಂಗಳು ಮಗಳ ಮನೆಗೆಂದು ಎರ್ನಾಕುಲಂಗೆ ಹೋಗಿದ್ದೆ. ಪಾಲಾರಿವಟ್ಟಂ ಹತ್ತಿರ ಯಾವುದೋ ದೊಡ್ಡ ಕಟ್ಟಡದ ಅಡಿಪಾಯಕ್ಕೆ ಪೈಲಿಂಗ್ ನಡೆದಿತ್ತು. ಯಂತ್ರ ನೆಲದಾಳದಿಂದ ಎತ್ತಿ ಹಾಕಿದ ಕಪ್ಪು ಕೆಸರು ರಸ್ತೆಯ ಬದಿಯಲ್ಲಿ ಗುಡ್ಡೆ ಬಿದ್ದಿತ್ತು. ಕೊಳೆತ ಮೊಟ್ಟೆಯ ವಾಸನೆ. ಮಗಳು ಮೂಗು ಮುಚ್ಚಿಕೊಂಡು, "ಅಮ್ಮೇ, ವಾ, ಪೋಕಾಂ" ಎಂದು ಹೊರಡಿಸಲು ನೋಡಿದಳು. ನನಗೆ ಕಾಲೇ ಏಳಲಿಲ್ಲ. ಅರವತ್ತರ ದಶಕದ ಒಂದು ಬಾವಿಕಟ್ಟೆ ಕಣ್ಣ ಮುಂದೆ ಬಂತು...

ಮದುವೆಯಾಗಿ ಮೈಸೂರಿನಿಂದ ಎರ್ನಾಕುಲಂಗೆ ಬಂದ ಹೊಸತು. ನಮ್ಮವರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ನನಗೆ ಊರು ಗೊತ್ತಿಲ್ಲ, ಭಾಷೆ ಬಾರದು. ಬಾಡಿಗೆ ಮನೆ ನೋಡಲು ಹೋದ ದಿನ ಮಾಲೀಕರು ಬಾಗಿಲು ತೆರೆದವರೇ, "ಬನ್ನಿ ಬನ್ನಿ, ಊಟ ಆಯ್ತಾ?" ಎಂದು ಕನ್ನಡದಲ್ಲಿ ಕೇಳಿದರು. ನಾನು ಅಲ್ಲೇ ಅತ್ತುಬಿಟ್ಟೆ. ಪ್ರಾಯದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿದ್ದು ಬಂದವರು ಅವರು. ಆಗ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರದ ಮೇಷ್ಟ್ರು. ಕೇರಿಯವರೆಲ್ಲ ಕರೆಯುವಂತೆ ನಾವೂ ಅಪ್ಪಚ್ಚನ್ ಎಂದೇ ಕರೆದೆವು.

ವಾರವೆಲ್ಲ ಕಲ್ಲುಮಣ್ಣಿನ ಪಾಠ, ಭಾನುವಾರ ಅವರ ಕ್ರೈಸ್ತ ಸಭೆಯ ಮಕ್ಕಳಿಗೆ ಬೈಬಲ್ ಪಾಠ. ತೀರಾ ಚಿಕ್ಕ ಸಭೆ ಅದು. ದೇವರು ಆರೇ ದಿನಗಳಲ್ಲಿ ಲೋಕ ಮಾಡಿದ, ನೆಲದಡಿ ಸಿಗುವ ಚಿಪ್ಪುಗಳೆಲ್ಲ ನೋಹನ ಕಾಲದ ಜಲಪ್ರಳಯ ತಂದು ಹಾಕಿದ್ದು ಎಂದು ಅಕ್ಷರಶಃ ನಂಬುವವರು. ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀರಿ ಎಂದು ನಮ್ಮವರು ರೇಗಿಸಿದರೆ, "ಎರಡೂ ಇನ್ನೂ ಮುಳುಗಿಲ್ವಲ್ಲ!" ಎಂದು ನಗುತ್ತಿದ್ದರು.

ಅವರ ಹೆಂಡತಿ ನಾವು ಬರುವ ಮೊದಲೇ ತೀರಿಕೊಂಡಿದ್ದರು. ಸಭೆಯ ಸ್ಮಶಾನದಲ್ಲಿ ಆಕೆಯ ಪಕ್ಕದ ಜಾಗವನ್ನು ಅಪ್ಪಚ್ಚನ್ ತಮಗೆಂದು ಬಿಡಿಸಿಟ್ಟುಕೊಂಡಿದ್ದರು. ಸತ್ತವರೆಲ್ಲ ಏಳುವ ಕಡೆಯ ದಿನ ಕಣ್ಣು ಬಿಟ್ಟಾಗ ನೀವು ಪಕ್ಕದಲ್ಲಿರಬೇಕು ಎಂದು ಆಕೆ ಸಾಯುವಾಗ ಮಾತು ತೆಗೆದುಕೊಂಡಿದ್ದರಂತೆ. ನಾಳೆ ಬೆಳಗಾಗುತ್ತದೆ ಎಂದು ನಾವು ನಂಬುವ ಹಾಗೆ ಅವರು ಆ ದಿನವನ್ನು ನಂಬಿದ್ದರು.

ಒಂದು ಬೇಸಿಗೆಯಲ್ಲಿ ಬಾವಿ ಬತ್ತಿತು. ಆಳ ಮಾಡಿಸಿದಾಗ ಮರಳು ಮುಗಿದು ಕಪ್ಪು ಕೆಸರು ಬಂತು, ಅದರ ತುಂಬ ಚಿಪ್ಪು. ಸುದ್ದಿ ತಿಳಿದು ಪಾದ್ರಿಗಳು ಓಡಿ ಬಂದರು. ಪ್ರಳಯಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಓದಿದವರ ಬಾಯಲ್ಲಿ ಬಂದರೆ ಮಾತಿನ ತೂಕವೇ ಬೇರೆ, ಭಾನುವಾರ ನೀವೇ ಎದ್ದು ನಿಂತು ಹೇಳಬೇಕು ಎಂದರು.

ಅಪ್ಪಚ್ಚನ್ ಎದ್ದು ನಿಂತರು. ಹೇಳಿದ್ದು ಮಾತ್ರ ಬೇರೆ. ಕೆಸರಿನಿಂದ ತೆಗೆದ ಚಿಪ್ಪಿನ ಗೊಂಚಲೊಂದನ್ನು ಹಿಡಿದು ತೋರಿಸಿದರಂತೆ. ನೋಡಿ, ಎರಡು ಹೋಳೂ ಇನ್ನೂ ಮುಚ್ಚಿಕೊಂಡೇ ಇವೆ. ಅಜ್ಜನ ಬೆನ್ನ ಮೇಲೆ ಮಗ, ಮಗನ ಬೆನ್ನ ಮೇಲೆ ಮೊಮ್ಮಗ ಕೂತು ಬೆಳೆದಿವೆ. ಪ್ರವಾಹ ಎಳೆದು ತಂದಿದ್ದರೆ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಇವು ಇಲ್ಲೇ ಹುಟ್ಟಿ ಇಲ್ಲೇ ಸತ್ತವು, ಅದಕ್ಕೆ ಬಹಳ ಕಾಲ ಹಿಡಿದಿದೆ, ದೇವರಿಗೇನು ಅವಸರವಿತ್ತು...

ಅವರನ್ನು ಸಭೆಯಿಂದ ಹೊರಗೆ ಹಾಕಿದರು. ಹೊರಗಾದವರಿಗೆ ಸ್ಮಶಾನದಲ್ಲಿ ಜಾಗವಿಲ್ಲ. ಗೋಡೆಯ ಬದಿಗೆ, ಕೆಟ್ಟುಹೋದವರನ್ನು ಹೂಳುವ ತೆಮ್ಮಾಡಿಕ್ಕುಳಿಯೇ ಗತಿ. ಮೈಸೂರಿನ ನಮ್ಮ ಮನೆಯಲ್ಲಿ ಯುಗಗಳ ಲೆಕ್ಕವೇ ಲಕ್ಷಗಟ್ಟಲೆ. ಭೂಮಿಯ ವಯಸ್ಸಿಗಾಗಿ ಯಾರನ್ನೂ ಹೊರಗಿಟ್ಟಿರಲಿಲ್ಲ. ಬೇರೆ ಕಾರಣಕ್ಕೆ ಇಟ್ಟಿದ್ದರು, ಅದು ಬಿಡಿ.

ಎಪ್ಪತ್ತರ ದಶಕದ ಮೊದಲಿಗೆ ನಮಗೆ ತಿರುವನಂತಪುರಕ್ಕೆ ವರ್ಗವಾಯಿತು. ಒಂದು ದಿನ ಅಪ್ಪಚ್ಚನ್ ಬಂದರು. ಅರ್ಧಕ್ಕರ್ಧ ಇಳಿದುಹೋಗಿದ್ದರು, ಮಾತಿಗೊಮ್ಮೆ ಕೆಮ್ಮು. ಸಭೆಯ ಹಿರಿಯರು ಇದ್ದದ್ದು ತಿರುವನಂತಪುರದಲ್ಲೇ. ಆ ಆರಡಿ ಮೂರಡಿ ಜಾಗಕ್ಕಾಗಿ ಅವರ ಕಾಲು ಹಿಡಿಯಲು ಬಂದಿದ್ದರು. ಸಂಜೆ ಹಿಂತಿರುಗಿ ಜಗುಲಿಯಲ್ಲಿ ಕೂತರು. ಹಿರಿಯರು ಚಹಾ ಕೊಟ್ಟು ಮೃದುವಾಗಿಯೇ ಮಾತಾಡಿದರಂತೆ. ಚಿಪ್ಪುಗಳು ಪ್ರಳಯದಲ್ಲೇ ಬಂದವು ಎಂದು ಸಭೆಯ ಮುಂದೆ ಒಪ್ಪಿಕೊಳ್ಳಲಿ, ಜಾಗ ಅವರದ್ದೇ.

"ಹೇಳ್ಬಿಡಿ ಅಪ್ಪಚ್ಚಾ. ಚಿಪ್ಪಿಗೇನು ಬೇಜಾರಾಗತ್ತಾ?" ಎಂದೆ.

ನನ್ನನ್ನು ಅವರು ಮಗಳೇ ಎಂದು ಮಲಯಾಳದಲ್ಲೇ ಕರೆಯುತ್ತಿದ್ದರು. "ಮೋಳೇ, ನಾನು ಅವನ್ನ ಮೊದ್ಲು ನೋಡಿದ್ದು ಬಾವೀಲಿ ಅಲ್ಲ. ಅವಳಿಗೆ ಗುಂಡಿ ತೋಡಿದ್ರಲ್ಲ, ಅಲ್ಲಿ. ಅಳ್ತಾ ಅಳ್ತಾನೇ ನೋಡ್ದೆ, ಎಲ್ಲಾ ಮುಚ್ಕೊಂಡೇ ಇದ್ವು. ಅವಳು ಮಲಗಿರೋದೇ ಅದರ ಮೇಲೆ. ಅವಳ ಪಕ್ಕ ಮಲಗೋಕೆ, ಅವಳ ಹಾಸಿಗೆ ಬಗ್ಗೆನೇ ಸುಳ್ಳು ಹೇಳ್ಲಾ?"

ಅವರೇ ಮತ್ತೆ, "ಹೇಳ್ದಿದ್ರೆ ಅವಳು ಒಬ್ಳೇ ಏಳ್ತಾಳೆ, ಮೋಳೇ" ಎಂದು ಮುಖ ಮುಚ್ಚಿಕೊಂಡು ಮಗುವಿನಂತೆ ಬಿಕ್ಕಿದರು. ಅತ್ತ ದರಿ, ಇತ್ತ ಪುಲಿ. ಅಷ್ಟು ವಯಸ್ಸಾದ ಗಂಡಸು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಒಳಗೆ ಹೋಗಿ ಅನ್ನಕ್ಕೆ ಇಟ್ಟೆ. ಇನ್ನೇನು ಮಾಡಬೇಕೋ ತಿಳಿಯಲಿಲ್ಲ.

ಊರಿಗೆ ಮರಳಿದ ಭಾನುವಾರ ಅಪ್ಪಚ್ಚನ್ ಹಿರಿಯರು ಕೇಳಿದ ಆ ಮಾತನ್ನು ಸಭೆಯ ಮುಂದೆ ಹೇಳಿದರು. ಅಂದಿನಿಂದ ಅವರು ಪಾಠ ಮಾಡಲಿಲ್ಲ, ಕಾಲೇಜಿನಲ್ಲೂ ಇಲ್ಲ, ಸಭೆಯಲ್ಲೂ ಇಲ್ಲ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ತೀರಿಕೊಂಡರು.

ನಾವು ರೈಲು ಹತ್ತಿ ಹೋದೆವು. ಸ್ಮಶಾನ ಹಿನ್ನೀರಿನ ಪಕ್ಕದ ತಗ್ಗು ಜಾಗ. ಹೆಂಡತಿಯ ಪಕ್ಕದಲ್ಲೇ ತೋಡುತ್ತಿದ್ದರು. ಸ್ವಲ್ಪ ಆಳಕ್ಕೆ ಹೋಗುತ್ತಲೇ ಅದೇ ವಾಸನೆ, ಅದೇ ಕಪ್ಪು ಕೆಸರು. ಒಂದರ ಬೆನ್ನಿಗೊಂದು ಅಂಟಿಕೊಂಡ, ಮುಚ್ಚಿದ ಚಿಪ್ಪುಗಳು ಸನಿಕೆಯ ಜೊತೆ ಮೇಲೆ ಬಂದವು. ನಾನು ನೋಡಿದೆ, ಪಾದ್ರಿಗಳೂ ನೋಡಿದರು, ಸಭೆಯವರೆಲ್ಲ ನೋಡಿದರು. ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರೆದುರು ಕೂಗಿ ಹೇಳುವಷ್ಟು ಸಿಟ್ಟು ಬಂತು ನನಗೆ. ಆದರೆ ಕೂಗಿದರೆ ಆ ಜಾಗವೂ ಹೋದೀತು. ಹಲ್ಲು ಕಚ್ಚಿ ನಿಂತೆ. ಅವರನ್ನು ಇಳಿಸಿ, ಆ ಚಿಪ್ಪುಗಳನ್ನೇ ಮಣ್ಣಿನ ಜೊತೆ ಮೇಲೆ ಎಳೆದರು...

ಪಾಲಾರಿವಟ್ಟಂನ ಆ ಕೆಸರಿನ ಗುಡ್ಡೆಯ ಅಂಚಿನಲ್ಲಿ ಒಂದು ಚಿಪ್ಪು ಬಿದ್ದಿತ್ತು. ಕೊಡೆಯ ತುದಿಯಿಂದ ಹೊರಳಿಸಿ ನೋಡಿದೆ. ಎರಡು ಹೋಳೂ ಕಚ್ಚಿಕೊಂಡೇ ಇದ್ದವು. ಕಡೆಯ ದಿನದಲ್ಲಿ ನನಗೆ ನಂಬಿಕೆಯಿಲ್ಲ. ಬಂದರೆ ಬರಲಿ, ಆಕೆ ಒಬ್ಬರೇ ಏಳುವುದು ಬೇಡ.

"ಎಂತಾ ಅಮ್ಮೇ ಅದು?" ಎಂದಳು ಮಗಳು.

"ಚಿಪ್ಪು ಕಣೇ. ಯಾವ ಪ್ರವಾಹನೂ ತಂದದ್ದಲ್ಲ. ಇಲ್ಲೇ ಹುಟ್ಟಿ ಇಲ್ಲೇ ಸತ್ತಿದ್ದು," ಎಂದೆ, ರಸ್ತೆಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ. ಕೇಳಬೇಕಾಗಿದ್ದವರು ಮಾತ್ರ ಇರಲಿಲ್ಲ.